ತಂಗೆವ್ವ ಸಮುದ್ರಕ್ಕೆ ಉಡಿ ತುಂಬಿದ್ದು

ಬೈಲಹೊಂಗಲದ ಮಾರ್ಕೆಟ್ ರಸ್ತೆಯ ಬೀಜ, ಗೊಬ್ಬರ, ಔಷಧದ ಅಂಗಡಿಯೊಂದರ ಬೋರ್ಡಿನ ತುದಿಯಲ್ಲಿ ‘ಮಾಲಕರು: ಶ್ರೀಮತಿ ತಂಗೆವ್ವ ನಿಜಗುಣಪ್ಪ’ ಎಂದು ಬರೆದಿತ್ತು. ಊರಿನಲ್ಲಿ ಅದನ್ನು ಓದಿದವರು ಕಡಿಮೆ. ಓದಿ ನಂಬಿದವರು ಯಾರೂ ಇಲ್ಲ. ಅಂಗಡಿ ತೆರೆಯುವಾಗ ನಿಜಗುಣಪ್ಪ ಸೊಸೈಟಿಯಲ್ಲಿ ಕಾರಕೂನನಾಗಿದ್ದ. ನೌಕರಿಯಲ್ಲಿದ್ದವನ ಹೆಸರಿಗೆ ಲೈಸೆನ್ಸ್ ಆಗುವುದಿಲ್ಲ ಎಂದರು. ಮನೆಯಲ್ಲಿ ಖಾಲಿ ಬಿದ್ದ ಹೆಸರು ಒಂದೇ ಇತ್ತು, ಹೆಂಡತಿಯದು, ಅದನ್ನೇ ಕೊಟ್ಟ. ಆಮೇಲೆ ನೌಕರಿ ಬಿಟ್ಟ, ಅಂಗಡಿ ಬೆಳೆಯಿತು, ಹೆಸರು ಮಾತ್ರ ಬೋರ್ಡಿನ ಮೇಲೆ ಹಾಗೇ ಉಳಿದುಕೊಂಡಿತು. ಅಂಗಡಿಯ ಹಿಂದೆಯೇ ಮನೆ. ಅಡಿಗೆಮನೆಯ ಕಿಟಕಿಯಿಂದ ಚಹಾದ ಕಪ್ಪುಗಳನ್ನು ಅಂಗಡಿಯೊಳಗೆ ದಾಟಿಸುವುದು, ಮಾಲಕಿಯ ಆಡಳಿತ ಅಷ್ಟಕ್ಕೇ ಸೀಮಿತ.

ಇದರಿಂದ ತಂಗೆವ್ವನಿಗೆ ದುಃಖವಿತ್ತೆಂದು ಯಾರೂ ತಿಳಿಯಬಾರದು. ಕಾಯಿಪಲ್ಲೆ ತರಲು ಹೋಗಿ ಬರುವಾಗ, ಸೆರಗು ಸರಿ ಮಾಡಿಕೊಳ್ಳುವ ನೆವದಿಂದ ನಿಂತು, ಕತ್ತೆತ್ತಿ ಆ ಅಕ್ಷರಗಳನ್ನೊಮ್ಮೆ ನೋಡಿಕೊಂಡು ಒಳಗೆ ಬರುತ್ತಿದ್ದಳು. ನಲವತ್ತೆಂಟು ದಾಟಿದ ಮೇಲೆ ಹೆಂಗಸಿಗೆ ಕನ್ನಡಿಗಿಂತ ಬೋರ್ಡೇ ಹೆಚ್ಚು ಸಮಾಧಾನ ಕೊಡುತ್ತದೆ.

ಆ ವರ್ಷ ಔಷಧದ ಕಂಪನಿಯೊಂದು, ಟಾರ್ಗೆಟ್ ಮುಟ್ಟಿಸಿದ ಅಂಗಡಿಕಾರರನ್ನು ಥಾಯ್ಲೆಂಡಿನ ಸಮುದ್ರದಂಡೆಗೆ ಕರೆದುಕೊಂಡು ಹೋಗುವುದಾಗಿ ಸಾರಿತು. ನಿಜಗುಣಪ್ಪ ಸುದ್ದಿ ಖಾತ್ರಿಯಾಗುವ ಮೊದಲೇ ಹೂವಿನ ಚಡ್ಡಿ, ಕಪ್ಪು ಕನ್ನಡಕ ತಂದ. ಚಡ್ಡಿ ತೊಟ್ಟು ಅಭ್ಯಾಸಕ್ಕೆಂದು ಹಿತ್ತಲಲ್ಲಿ ಅಡ್ಡಾಡಿದ. ಪಕ್ಕದ ಮನೆಯ ಯಲ್ಲವ್ವ ಎರಡು ದಿನ ಆ ಕಡೆಯ ಬಾಗಿಲು ತೆರೆಯಲಿಲ್ಲ. ಫ್ಲೆಕ್ಸ್ ಅಂಗಡಿಯ ಯುವರಾಜನಿಗೆ ಹೇಳಿ ರಸ್ತೆಗೆ ಕಾಣುವಂತೆ ಬ್ಯಾನರನ್ನೂ ಕಟ್ಟಿಸಿದ. ಹಿಂದೆ ನೀಲಿ ಸಮುದ್ರ, ಮುಂದೆ ಸಫಾರಿ ತೊಟ್ಟ ನಿಜಗುಣಪ್ಪ, ಕೆಳಗೆ ‘ವಿದೇಶ ಪ್ರವಾಸ ಕೈಗೊಂಡ ನಮ್ಮ ಅಣ್ಣನವರಿಗೆ ಶುಭ ಕೋರುವವರು: ಗೆಳೆಯರ ಬಳಗ’. ಗೆಳೆಯರ ಬಳಗಕ್ಕೆ ಈ ವಿಷಯ ಬ್ಯಾನರ್ ನೋಡಿದ ಮೇಲೆ ಗೊತ್ತಾಯಿತು. ಆ ದೇಶದ ಹೆಸರು ಕೇಳಿ ಗಂಡಸರೆಲ್ಲ ಅಂಗಡಿಗೆ ಬಂದು ಕಣ್ಣು ಮಿಟುಕಿಸಿ ಹೋದರು.

ಅದರ ಬೆನ್ನಿಗೇ ಕಂಪನಿಯ ಸಚಿನ ಟಿಕೇಟು ಹಿಡಿದುಕೊಂಡು ಬಂದ.

“ಕಾಕಾ, ಟಿಕೇಟು ಕಾಕೂನ ಹೆಸರಿಗೆ ಐತ್ರಿ.”

“ಹೆಸರಷ್ಟ ಆಕಿದೋ. ಅಂಗಡಿ ನಡಸಾಂವ ನಾನು.”

“ವಿಮಾನಕ್ಕ ಹೆಸರ ಬೇಕ್ರಿ ಕಾಕಾ. ಲೈಸೆನ್ಸ್ ಯಾರದೈತಿ ಅವರ ಬರಬೇಕು. ಹ್ವಾದ ವರ್ಷ ಮಾಲಕರ ಬದಲಿ ಅವರ ಅಳಿಯಾ, ಅಳಿಯನ ಬದಲಿ ಅವನ ಗೆಳೆಯಾ ಬಂದು ಭಾಳ ಗದ್ದಲ ಆತು.”

“ಹಂಗಾದ್ರ ಅದರ ಬದಲಿ ಒಂದು ಫ್ರಿಜ್ ಕೊಡ್ರಿ.”

“ಫ್ರಿಜ್ ಸಣ್ಣ ಟಾರ್ಗೆಟ್ಟಿನವರಿಗ್ರಿ.”

ಇಬ್ಬರೂ ತಲೆ ಕೆಳಗೆ ಹಾಕಿ ಕುಳಿತರು. ಆಗ ಅಡಿಗೆಮನೆಯ ಕಿಟಕಿಯಿಂದ ಎರಡು ಕಪ್ಪು ಚಹಾ ಬಂದವು. ಚಹಾದ ಹಿಂದೆ ಒಂದು ದನಿಯೂ ಬಂತು.

“ನಾ ಹೋಗತೇನಿ.”

ಅಂದವಳು ತಂಗೆವ್ವ. ಅಂದ ಮೇಲೆ ಆಕೆಗೇ ಗಾಬರಿಯಾಯಿತು. ಗೋಕಾಕದ ತವರಮನೆ, ರಾಮದುರ್ಗದ ಅಣ್ಣನ ಮನೆ, ವರ್ಷಕ್ಕೊಮ್ಮೆ ಸವದತ್ತಿಯ ಗುಡ್ಡ, ಇದಿಷ್ಟೇ ಆಕೆಯ ದೇಶಾಟನೆ. ಪಾಸ್‌ಪೋರ್ಟ್ ಮಾತ್ರ ಇತ್ತು. ನೇಪಾಳದ ಯಾತ್ರೆಗೆ ಬೇಕೆಂದು ಯಾರೋ ಹೇಳಿದ್ದಕ್ಕೆ ಗಂಡ ಹೆಂಡತಿ ಇಬ್ಬರೂ ಮಾಡಿಸಿದ್ದರು. ಬೇಡವೆಂದು ಆಮೇಲೆ ತಿಳಿಯಿತು; ಯಾತ್ರೆಯೂ ಆಗಲಿಲ್ಲ.

ನಿಜಗುಣಪ್ಪ ಊಟಕ್ಕೆ ಕುಳಿತಾಗ ರಾಜಿಯ ಮಾತು ತೆಗೆದ. “ಹೋಗಿ ಬಾ. ಆದ್ರ ಬಂದ ಮ್ಯಾಲೆ ಲೈಸೆನ್ಸ್ ನನ್ನ ಹೆಸರಿಗೆ ಮಾಡೂಣು. ಒಂದು ಸಹಿ ಹಾಕಿದಿ ಅಂದ್ರ ಮುಗೀತು. ಮುಂದಿನ ವರ್ಷ ದುಬೈ ಅಂತ.”

ತಂಗೆವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಾರಿನ ಸೌಟು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು, ಅಷ್ಟೇ. ಬೋರ್ಡಿನ ಮೇಲೆ ಆ ಹೆಸರಿಲ್ಲದ ರಸ್ತೆಯಲ್ಲಿ ಕಾಯಿಪಲ್ಲೆಯ ಚೀಲ ಹಿಡಿದು ಬರುವುದು ಹೇಗಿರುತ್ತದೆಂದು ಆಕೆ ಆವರೆಗೆ ಯೋಚಿಸಿರಲಿಲ್ಲ. ನಿಜಗುಣಪ್ಪ ಮೌನವನ್ನು ಒಪ್ಪಿಗೆ ಎಂದು ತಿಳಿದು, ಮರುದಿನ ಚಹಾದಂಗಡಿಯಲ್ಲಿ “ಆಕಿ ಬರೂದರಾಗ ಸಹಿ ಕಾಗದಾ ತಯಾರ ಇಡತೇನಿ” ಎಂದು ಸಾರಿ ಬಂದ. ಯುವರಾಜನೂ ಬ್ಯಾನರು ದಂಡವಾಗಬಾರದೆಂದು ತಂಗೆವ್ವನ ಆಧಾರ್ ಕಾರ್ಡಿನ ಮುಖವನ್ನು ದೊಡ್ಡದು ಮಾಡಿ ಮೇಲೆ ಅಂಟಿಸಿದ. ಹೀಗೆ ತಲೆ ತಂಗೆವ್ವನದು, ಸಫಾರಿ ನಿಜಗುಣಪ್ಪನದು ಆಗಿ, ಇಬ್ಬರೂ ಕೂಡಿ ಸಮುದ್ರದ ಮುಂದೆ ನಿಂತರು.

ಗಂಡಸು ಆ ದೇಶಕ್ಕೆ ಹೊರಟರೆ ಕಣ್ಣು ಹೇಗೆ ಮಿಟುಕಿಸಬೇಕೆಂದು ಊರಿಗೆ ಗೊತ್ತಿತ್ತು. ಹೆಂಗಸು ಹೊರಟರೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಆದ್ದರಿಂದ ಓಣಿಯ ಹೆಂಗಸರು ತಮಗೆ ಗೊತ್ತಿದ್ದುದನ್ನೇ ಮಾಡಿದರು. ಉಡಿ ತುಂಬಲು ಬಂದರು.

“ನಿನಗ ಅಲ್ಲ ತಂಗೀ, ಸಮುದ್ರಕ್ಕ,” ಅಂದಳು ಯಲ್ಲವ್ವ. ಓಣಿಯಲ್ಲಿ ಯಾವ ಶಾಸ್ತ್ರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕೆಂದು ತೀರ್ಮಾನಿಸುವವಳು ಆಕೆಯೇ. “ಹೊಳಿ ತುಂಬಿ ಬಂದಾಗ ಮಲಪ್ರಭಾಗ ಉಡಿ ತುಂಬತೇವೋ ಇಲ್ಲೋ? ಆಕಿ ಹರಕೋತ ಹೋಗಿ ಮುಟ್ಟೂದು ಎಲ್ಲಿಗೆ? ಸಮುದ್ರಕ್ಕ. ಮಗಳಿಗೆ ಮಾಡಿ ತಾಯಿಗೆ ಮಾಡಲಿಲ್ಲಂದ್ರ ಹ್ಯಾಂಗ? ನಮ್ಮ ಓಣ್ಯಾಗಿಂದ ಯಾರರೆ ಸಮುದ್ರಕ್ಕ ಹೋದವರು ಅದಾರೇನು? ನೀನ ಮೊದಲನೇದಾಕಿ.”

ಮೊದಲನೆಯವಳು ಎಂಬ ಮಾತು ತಂಗೆವ್ವನ ನೆತ್ತಿಗೇರಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. “ತರ್ರಿ, ಎಲ್ಲಾರೂ ತರ್ರಿ. ನನ್ನ ಬ್ಯಾಗಿನ್ಯಾಗ ಬೇಕಾದಷ್ಟು ಜಾಗಾ ಐತಿ” ಅಂದುಬಿಟ್ಟಳು.

ತಂದರು. ತೆಂಗಿನಕಾಯಿ ತಂದರು, ಅಕ್ಕಿ ತಂದರು, ಹಸಿರು ಬಳೆ, ಅರಿಸಿನ, ಕುಂಕುಮ, ಕುಪ್ಪಸದ ಖಣಗಳನ್ನು ತಂದರು. ಎದುರುಮನೆಯ ರೇಣು ಹಳೆಯ ಪೆಟ್ಟಿಗೆಯಲ್ಲಿ ಯಾರೋ ಕೊಟ್ಟ ಖಣವನ್ನೇ ಹುಡುಕಿ ತಂದಳು. ಸಮುದ್ರ ಯಾರ ಖಣ ಎಂದು ಕೇಳುವುದಿಲ್ಲವಲ್ಲ. ನೇಸರಗಿಯಿಂದ ಬಸ್ಸಿನಲ್ಲಿ ಬಂದವರೂ ಇದ್ದರು. ಯಲ್ಲವ್ವ ಕೊನೆಗೊಂದು ಷರತ್ತು ಹಾಕಿದಳು: “ಪೂಜಾ ಮಾಡೂದು ಮೊಬೈಲಿನ್ಯಾಗ ತಗಸಿ ಕಳಸು. ಕಣ್ಣಿಲೆ ನೋಡಲಾರದ ಪೂಜಾ ಮುಟ್ಟಿತೋ ಇಲ್ಲೋ ಯಾರಿಗೆ ಗೊತ್ತು?”

ಹೀಗೆ ತಂಗೆವ್ವ, ಚಡ್ಡಿ ತೊಟ್ಟ ಅಂಗಡಿಕಾರರ ದೊಡ್ಡ ದಂಡಿನೊಂದಿಗೆ, ತೆಂಗಿನಕಾಯಿಗಳು ಬೆಳೆಯುವ ದೇಶಕ್ಕೆ ತೆಂಗಿನಕಾಯಿ ಹೊತ್ತುಕೊಂಡು ಹೋದಳು. ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ ಚೀಲ ಬಿಚ್ಚಿಸಿದ. ಒಂದು ಕಾಯಿ ತೆಗೆದ, ನೋಡಿದ. ಇನ್ನೊಂದು ತೆಗೆದ. ಪಕ್ಕದವನನ್ನು ಕರೆದ. ಅವನು ತನ್ನ ಪಕ್ಕದವನನ್ನು ಕರೆದ. ಕಂಪನಿಯಿಂದ ತಂಗೆವ್ವನ ಜೊತೆಗೆಂದು ಬಂದಿದ್ದ ಪ್ರಜ್ಞಾ ಎಂಬ ಹುಡುಗಿ ಇಂಗ್ಲಿಷಿನಲ್ಲಿ ಏನೋ ವಿವರಿಸಿದಳು. ಅಧಿಕಾರಿ ಇದ್ದಕ್ಕಿದ್ದಂತೆ ಗಂಭೀರನಾಗಿ ತಂಗೆವ್ವನಿಗೆ ಕೈ ಮುಗಿದು ಚೀಲ ಕಟ್ಟಿಕೊಟ್ಟ.

“ಏನಂದೆವಾ ಅವಂಗ?”

“ನೀವು ನಿಮ್ಮ ಊರಿನ ಪೂಜಾರಿ ಅಂದೆ ಆಂಟಿ.”

ಹೋಟೆಲು ಸಮುದ್ರದ ದಂಡೆಯ ಮೇಲೆಯೇ ಇತ್ತು. ಕೋಣೆಯಲ್ಲಿ ಕೂತು ನೋಡಿದರೂ ಸಮುದ್ರ, ನಿಂತು ನೋಡಿದರೂ ಸಮುದ್ರ. ಹಾಸಿಗೆಯ ಮೇಲೆ ಟವೆಲನ್ನು ಹಂಸದ ಆಕಾರಕ್ಕೆ ಮಡಚಿ ಇಟ್ಟಿದ್ದರು. ಅದನ್ನು ಕೆಡಿಸಲು ಮನಸ್ಸಾಗದೆ ಆಕೆ ಸೆರಗಿನಿಂದಲೇ ಮೈ ಒರೆಸಿಕೊಂಡಳು. ಊಟದ ಮನೆಯಲ್ಲಿ ಏನು ಮುಟ್ಟಿದರೂ ಅದು ಎಂದೋ ಈಜಾಡಿದ ಪ್ರಾಣಿಯಾಗಿರುತ್ತಿತ್ತು. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದಳು. ವಾಸನೆ ಹಿಡಿದು ಮೊದಲು ಬಂದವನು ಸವದತ್ತಿಯ ಅಂಗಡಿಕಾರ ರಾಮಲಿಂಗಪ್ಪ. ಗಿಳಿಗಳ ಚಿತ್ರದ ಅಂಗಿ ತೊಟ್ಟಿದ್ದ ಅವನು ರೊಟ್ಟಿ ಕೈಗೆ ಬಂದ ಕೂಡಲೇ ಕಣ್ಣು ಒದ್ದೆ ಮಾಡಿಕೊಂಡ. “ಅಕ್ಕಾರ, ಮುಂಜಾನಿಂದ ಕಲ್ಲಂಗಡಿ ಹಣ್ಣಿನ ಮ್ಯಾಲೆ ಇದ್ದೇನ್ರಿ.” ಈ ಉಪಕಾರಕ್ಕೆ ಪ್ರತಿಯಾಗಿ, ಪೂಜೆಯನ್ನು ಮೊಬೈಲಿನಲ್ಲಿ ಹಿಡಿದುಕೊಡುವುದಾಗಿ ಅವನೇ ಮಾತು ಕೊಟ್ಟ.

ಬೆಳಗಾಗುತ್ತಲೇ ತಂಗೆವ್ವ ಸ್ನಾನ ಮಾಡಿ, ಇಳಕಲ್ಲ ಸೀರೆ ಉಟ್ಟು, ಬುಟ್ಟಿಯ ತುಂಬ ಉಡಿ ಹೊಂದಿಸಿಕೊಂಡು ದಂಡೆಗಿಳಿದಳು. ಇಷ್ಟುದ್ದ ಸಮುದ್ರಕ್ಕೆ ಉಡಿ ತುಂಬಬೇಕಾದದ್ದು ಎಲ್ಲಿ? ದೇವರ ಜಾಗ ಎಂದು ಹೇಗೆ ತಿಳಿಯಬೇಕು? ಅಷ್ಟರಲ್ಲಿ, ಮರಳಿನಲ್ಲಿ ನೆಟ್ಟಿದ್ದ ಕೋಲಿನ ಮೇಲೆ ಪಟಪಟ ಹಾರುತ್ತಿದ್ದ ಕೆಂಪು ಬಾವುಟ ಕಣ್ಣಿಗೆ ಬಿತ್ತು. ತಂಗೆವ್ವ ಅಲ್ಲಿಯೇ ಕೈ ಮುಗಿದಳು. ನಮ್ಮ ಕಡೆ ಬೇವಿನ ಗಿಡದ ಬುಡದಲ್ಲಾಗಲಿ, ಗುಡ್ಡದ ತಿರುವಿನಲ್ಲಾಗಲಿ ಕೆಂಪು ನಿಶಾನೆ ಹಾರುತ್ತಿದ್ದರೆ ಅಲ್ಲಿ ತಾಯಿ ಇದ್ದಾಳೆಂದೇ ಅರ್ಥ. ಯಾವ ದೇಶವಾದರೇನು, ತಾಯಿ ತನ್ನ ಗುರುತು ಬಿಟ್ಟುಕೊಡುತ್ತಾಳೆಯೇ?

“ನೋಡ್ರಿ ರಾಮಲಿಂಗಪ್ಪಾರ, ಇಲ್ಲೂ ನಿಶಾನಿ ಹಚ್ಯಾರ!”

“ಹೌದಲ್ರಿ ಅಕ್ಕಾರ! ಜಾಗೃತ ಸ್ಥಳಾ ಇದ್ದಂಗೈತಿ” ಎಂದು ರಾಮಲಿಂಗಪ್ಪ ಚಪ್ಪಲಿ ಬಿಟ್ಟ.

ತಂಗೆವ್ವ ಬಾವುಟದ ಕೋಲಿಗೆ ಅರಿಸಿನ ಬಳಿದಳು, ಕುಂಕುಮ ಇಟ್ಟಳು, ಬುಡಕ್ಕೆ ಒಂದು ಕಾಯಿ ಒಡೆದಳು. ಆಮೇಲೆ ಬುಟ್ಟಿ ಹಿಡಿದು ನೇರವಾಗಿ ನೀರಿಗೆ ನಡೆದಳು. ಇವತ್ತು ನೀರು ಕೆಟ್ಟಿದೆ, ಯಾರೂ ಇಳಿಯಬೇಡಿ ಎಂದು ಸಾರಲು ಆ ಬಾವುಟ ನೆಟ್ಟಿದ್ದು, ಅದು ಆ ದಂಡೆಯ ಮೇಲಿನ ಕೂಸುಗಳಿಗೂ ತಿಳಿದಿತ್ತು. ತಿಳಿಯದವರು ಇಬ್ಬರೇ, ಅವರಲ್ಲಿ ಒಬ್ಬಳು ನೀರಿನಲ್ಲಿದ್ದಳು, ಇನ್ನೊಬ್ಬ ಮೊಬೈಲಿನ ಗುಂಡಿ ಒತ್ತುವುದನ್ನು ಮರೆತಿದ್ದ.

ಎರಡು ಖಣ ಬಿಟ್ಟಿದ್ದಳೋ ಇಲ್ಲವೋ, ಸಮುದ್ರ ಆಕೆಯನ್ನು ಮೊಣಕಾಲಿಗೆ ಹಿಡಿದು ಎಳೆಯಿತು, ಬುಟ್ಟಿ ನೀರಿಗೆ ಮಗುಚಿತು. ಸೀಟಿ ಮೊಳಗಿತು. ಹಳದಿ ಚಡ್ಡಿಯ ಇಬ್ಬರು ಎಲ್ಲಿಂದಲೋ ಹಾರಿ ಬಂದರು. ಆಗ ರಾಮಲಿಂಗಪ್ಪನಿಗೆ ಗುಂಡಿ ನೆನಪಾಯಿತು. ಅವನು ಒತ್ತಿದಾಗ ಮೊಬೈಲಿಗೆ ಕಂಡದ್ದು ಇಷ್ಟೇ: ಎದೆಮಟ್ಟದ ನೀರಿನಲ್ಲಿ ಕೂದಲು ಬಿಚ್ಚಿಹೋದ ತಂಗೆವ್ವ, ಆಕೆಯ ಎರಡೂ ರಟ್ಟೆ ಹಿಡಿದು ದಂಡೆಗೆ ಎಳೆಯುತ್ತಿರುವ ಇಬ್ಬರು, ಮತ್ತು ಆಕೆಯ ಕೂಗು. “ಬಿಡ್ರೋ ನನ್ನ! ನಾ ಹೋಗಬೇಕು! ಎಲ್ಲಾರಿಗೂ ಮಾತು ಕೊಟ್ಟು ಬಂದೇನಿ, ನನ್ನ ಹಿಡೀಬ್ಯಾಡ್ರೋ!”

ಉಡಿ ಅರ್ಧಕ್ಕೇ ನಿಂತಿತೆಂಬ ಸಂಕಟ ಅದು. ಮೊಬೈಲಿಗೆ ಅದು ಹೇಗೆ ತಿಳಿಯಬೇಕು?

ರಾಮಲಿಂಗಪ್ಪ ಗಾಬರಿಯಲ್ಲಿ ಅದನ್ನು ಅಂಗಡಿಕಾರರ ಗುಂಪಿಗೆ ಕಳಿಸಿದ. ಏನಾಯಿತೆಂದು ಪೂರ್ತಿ ಬರೆಯುವಷ್ಟು ವ್ಯವಧಾನ ಇರಲಿಲ್ಲ. ಹೀಗಾಗಿ ‘ಬದುಕ್ಯಾರ’ ಎಂದು ಒಂದೇ ಪದ ಬರೆದ. ತಂಗೆವ್ವನ ಕೂದಲು ಒಣಗುವ ಮೊದಲೇ ವಿಡಿಯೋ ಬೈಲಹೊಂಗಲದ ಬಸ್ ಸ್ಟ್ಯಾಂಡು ದಾಟಿ, ಕಿತ್ತೂರು ಮುಟ್ಟಿ, ರಾಮದುರ್ಗದ ಅಣ್ಣ ಲಗಮಣ್ಣನ ಕೈಗೂ ಸೇರಿತು. ಆಕೆಯ ಮೊಬೈಲೋ, ಸೊಂಟದ ಚೀಲದ ಸಮೇತ ಸಮುದ್ರದ ಪಾಲಾಗಿತ್ತು. ಅಂದು ಆ ತಾಯಿ ಮರಳಿ ಕೊಡದೆ ಉಳಿಸಿಕೊಂಡದ್ದು ಅದೊಂದೇ.

ಹೋಟೆಲಿನವರು ಕೋಣೆಯ ಬಾಲ್ಕನಿಗೆ ಬೀಗ ಹಾಕಿದರು. ಹೂವಿನ ಕುಂಡ ಹಿಡಿದು ಮೃದುವಾಗಿ ನಗುವ ಒಬ್ಬ ಹೆಂಗಸು ಬಂದು ತಂಗೆವ್ವನ ಕೈ ಹಿಡಿದು ಕುಳಿತಳು. ತಂಗೆವ್ವನೂ ಆಕೆಗೇನೋ ಕಷ್ಟವಿರಬೇಕೆಂದು ತಿಳಿದು ಬೆನ್ನು ಸವರಿದಳು. ದಂಡಿನ ಜೊತೆ ಬಂದಿದ್ದ ಸಚಿನ ಬಾಗಿಲಲ್ಲೇ ನಿಂತು ಅಳುದನಿಯಲ್ಲಿ ಅಂದ, “ಕಾಕೂ, ಟಾರ್ಗೆಟ್ಟಿನ ಟೆನ್ಷನ್ ಇದ್ರ ಹೇಳ್ರಿ. ಮುಂದಿನ ವರ್ಷ ಕಡಿಮಿ ಮಾಡೂಣು. ಹಿಂತಾದ್ದೆಲ್ಲಾ ಬ್ಯಾಡ್ರಿ.”

“ಎಂಥಾದ್ದೋ ತಮ್ಮಾ? ನಾ ಉಡಿ ತುಂಬಾಕ ಹೋಗಿದ್ದೆ!”

“ಹೌದ್ರಿ, ಹೌದ್ರಿ” ಅಂದ ಸಚಿನ, ಹುಚ್ಚರಿಗೆ ಹೇಳುವ ಹಾಗೆ.

ಈ ಹೊತ್ತಿಗೆ ಬೈಲಹೊಂಗಲದಲ್ಲಿ ನಡೆದದ್ದನ್ನು ಆಮೇಲೆ ಹತ್ತು ಜನ ಹತ್ತು ರೀತಿ ಹೇಳಿದರು. ಎಲ್ಲರ ಮಾತಿನಲ್ಲೂ ನಿಜಗುಣಪ್ಪ ಅಡಗಿ ಕುಳಿತದ್ದು ಗೊಬ್ಬರದ ಚೀಲಗಳ ಹಿಂದೆಯೇ. ವಿಡಿಯೋ ನೋಡಿದ ಕೂಡಲೇ ಯಲ್ಲವ್ವ ಕಾರಣ ಕಂಡುಹಿಡಿದಿದ್ದಳು. “ಸಹಿ! ಬಂದ ಕೂಡಲೆ ಸಹಿ ತಗೋತೇನಿ ಅಂತ ಊರೆಲ್ಲಾ ಡಂಗುರಾ ಹೊಡದಾನಲ್ಲಾ ಈ ಮನಶಾ! ಹೆಣ್ಣಮಗಳಿಗೆ ಇದ್ದದ್ದೊಂದು ಹೆಸರು, ಅದನ್ನೂ ಕಸಗೋತೇನಿ ಅಂದ್ರ ಆಕಿ ಬಂದರ ಯಾಕ ಬರಬೇಕು?” ಓಣಿಯ ಹೆಂಗಸರೆಲ್ಲ ಅಂಗಡಿಯ ಮುಂದೆ ಬಂದು ನಿಂತರು. ಸಂಜೆಯೊಳಗೆ ಲಗಮಣ್ಣ ಜೀಪು ತುಂಬ ಮಂದಿಯನ್ನು ಕರೆದುಕೊಂಡು ಬಂದಿಳಿದ. ಇಳಿದವನು ಬ್ಯಾನರಿನ ಮೇಲೆ ತಂಗಿಯ ತಲೆ, ಆಕೆಯ ಗಂಡನ ಸಫಾರಿ ನೋಡಿ, ಏನು ತಿಳಿದನೋ, ಮೊದಲು ಅದನ್ನೇ ಹರಿದ.

“ಲಗಮಣ್ಣಾ, ನಾ ಏನೂ ಮಾಡಿಲ್ಲೋ,” ಅಂದನಂತೆ ನಿಜಗುಣಪ್ಪ, ಗೊಬ್ಬರದ ಚೀಲದ ಹಿಂದಿನಿಂದ.

“ಸಹಿ ಅನ್ನೂ ಶಬ್ದಾ ಇನ್ನೊಮ್ಮೆ ಬಾಯಾಗ ಬಂದ್ರ ನೋಡು!”

ಪ್ರಜ್ಞಾಳ ಮೊಬೈಲಿನಿಂದ ತಂಗೆವ್ವ ಮಾತನಾಡಿದಾಗ ಎಲ್ಲರೂ ಒಮ್ಮೆಗೇ ಅತ್ತದ್ದರಿಂದ ಆಕೆಗೆ ಏನೂ ಕೇಳಲಿಲ್ಲ. ಊರಿಗೆ ಬಂದ ಮೇಲೆ ಎಲ್ಲ ಬಿಡಿಸಿ ಹೇಳಿದರಾಯಿತೆಂದು ಸುಮ್ಮನಾದಳು.

ಬಂದು ಹೇಳಿದಳು ಕೂಡ. ಆದರೆ ನಿಜ ಹೇಳಿದರೆ ನಂಬಲು ಅದು ಸುಳ್ಳಿನಷ್ಟು ಚಂದವಾಗಿರಬೇಕಲ್ಲ. “ಉಡಿ ತುಂಬಾಕ ಹೋದಾಗ ಕಾಲ ಜಾರಿತು” ಅಂದಾಗ ಯಲ್ಲವ್ವ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. “ನೋಡ್ರೆವಾ, ಇಷ್ಟಾದ್ರೂ ಗಂಡನ ಮಾನಾ ಕಾಯಾಕ ಹತ್ತ್ಯಾಳ. ಇಂಥಾಕಿ ಎಲ್ಲಿ ಸಿಗತಾಳ?” ಎರಡನೆಯ ಸಲ ಹೇಳಿದಾಗ ಇನ್ನೂ ಜೋರಾಗಿ ಅತ್ತರು. ಮೂರನೆಯ ಸಲ ತಂಗೆವ್ವ ಹೇಳಲಿಲ್ಲ. ಏಕೆಂದರೆ ಅಷ್ಟರಲ್ಲಿ ನಿಜಗುಣಪ್ಪ ತಾನೇ ಚಹಾ ಮಾಡಿ, ಅದೇ ಕಿಟಕಿಯಿಂದ, ಆದರೆ ಅಂಗಡಿಯ ಕಡೆಯಿಂದ ಅಡಿಗೆಮನೆಗೆ ಕಪ್ಪು ಚಾಚಿದ್ದ. ಸಕ್ಕರೆ ಹೆಚ್ಚಾಗಿತ್ತು. ಆದರೂ ಅಂಥ ಚಹಾ ಆಕೆ ಹುಟ್ಟಿ ಬುದ್ಧಿ ಬಂದಂದಿನಿಂದ ಕುಡಿದಿರಲಿಲ್ಲ. ಸಹಿಯ ಮಾತನ್ನು ಯಾರೂ ಎತ್ತಲಿಲ್ಲ. ಬೋರ್ಡಿನ ಮೇಲೆ ಹೆಸರು ಇತ್ತಲ್ಲಿಯೇ ಇತ್ತು. ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೇನೆ ಅಷ್ಟೇ ಎಂದು ತಂಗೆವ್ವ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸುಮ್ಮನಿರುವುದರಲ್ಲಿ ಆಕೆಗೆ ಮೂವತ್ತು ವರ್ಷದ ಅನುಭವವಿತ್ತು.

ಉಡಿಯ ಸಂಗತಿಯೂ ಹಾಗೆಯೇ ಆಯಿತು. ಸಮುದ್ರ ಅಷ್ಟೂ ಖಣಗಳನ್ನು ದಂಡೆಗೆ ಎಸೆದಿತ್ತು. ಹೋಟೆಲಿನವರು ಅವನ್ನು ಆರಿಸಿ, ತೊಳೆದು, ಇಸ್ತ್ರಿ ಮಾಡಿ, ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಉಪ್ಪುನೀರಿಗೆ ಬಣ್ಣ ಒಂದಿಷ್ಟು ತಿರುಗಿತ್ತು. ಪೊಟ್ಟಣ ಕಂಡ ಹೆಂಗಸರು ಆಕೆಯ ಬಾಯಿಗೆ ಕಾಯಲಿಲ್ಲ, “ಫಾರಿನ್ ಖಣ!” ಎಂದು ಹಂಚಿಕೊಂಡುಬಿಟ್ಟರು. ಯಲ್ಲವ್ವ ತನ್ನ ಪಾಲಿನದನ್ನು ವಾರದೊಳಗೆ ಹೊಲಿಸಿ ತೊಟ್ಟಳು. “ಇಂಥಾ ಹಸರು ನಮ್ಮಲ್ಲಿ ಎಲ್ಲಿ ಸಿಗಬೇಕವಾ!”

ಆದರೆ ಸುಖಕ್ಕೂ ಒಂದು ಕಾವಲು ಇರುತ್ತದೆಂದು ತಂಗೆವ್ವನಿಗೆ ಬೇಗನೇ ತಿಳಿಯಿತು. ಆಕೆ ಮಾಳಿಗೆಗೆ ಬಟ್ಟೆ ಒಣಹಾಕಲು ಹೋದರೆ ರೇಣು ಹಿಂದೆಯೇ ಏರಿ ಬಂದಳು. ಹಿತ್ತಲ ಬಾವಿಗೆ ಲಗಮಣ್ಣ ಕಬ್ಬಿಣದ ಜಾಲರಿ ಹಾಕಿಸಿ ಹೋದ. ಬಚ್ಚಲಲ್ಲಿ ಸ್ವಲ್ಪ ತಡವಾದರೆ ಹೊರಗಿನಿಂದ ಯಲ್ಲವ್ವ, “ತಂಗೀ, ಒಂದು ಹಾಡರೆ ಹಾಡವಾ, ಕೇಳಸಲಿ!” ಎಂದು ಕೂಗುತ್ತಿದ್ದಳು. ಇದೆಲ್ಲ ಹೋಗಲಿ ಎಂದರೆ, ಆಕೆಯನ್ನು ಅಂಗಡಿಯ ಹೊಸ್ತಿಲು ದಾಟಲು ಬಿಡುವುದೇ ನಿಂತುಹೋಯಿತು. ಅಂಗಡಿ ಔಷಧದ್ದು. ಅಲ್ಲಿಯ ಔಷಧ ಎಂದರೆ ಹುಳ ಕೊಲ್ಲುವ ವಿಷ. ಇಂಥ ಮನಸ್ಸಿನವಳನ್ನು ವಿಷದ ಕಪಾಟಿನ ನಡುವೆ ಯಾರು ಬಿಟ್ಟಾರು? ಕಿಟಕಿಗೂ ಸರಳು ಬಂತು. ಅಂಗಡಿ ಆಕೆಯ ಹೆಸರಿನಲ್ಲಿ ಗಟ್ಟಿಯಾಗಿ ಉಳಿಯಿತು. ಆಕೆ ಮಾತ್ರ ಹೊರಗೆ ಉಳಿದಳು.

ಹಿಂಗಾರಿನ ಬಿತ್ತನೆಗೆ ಮುಂಚೆ ಕೃಷಿ ಇಲಾಖೆಯ ಸಾಹೇಬರೊಬ್ಬರು ಅಂಗಡಿಗಳ ತಪಾಸಣೆಗೆ ಬಂದರು. ತಂಗೆವ್ವ ಒಳಗೆ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಅಂದರೆ ಯಲ್ಲವ್ವ ಹೆಚ್ಚುತ್ತಿದ್ದಳು, ತಂಗೆವ್ವ ನೋಡುತ್ತಿದ್ದಳು, ಏಕೆಂದರೆ ಈಳಿಗೆಮಣೆಗೆ ಹರಿತ ಇತ್ತು. ಸರಳಿನ ಆಚೆಯಿಂದ ಮಾತು ಕೇಳಿಸಿತು.

“ಮಾಲಕರು ಎಲ್ಲದಾರ್ರಿ? ಅವರ ಎದುರ ನೋಡಬೇಕು.”

“ಮಾಲಕರಿಗೆ…” ನಿಜಗುಣಪ್ಪ ದನಿ ತಗ್ಗಿಸಿದ. “ಮನಸ್ಸಿಗೆ ಆರಾಮ ಇಲ್ರಿ ಸಾಹೇಬ್ರ. ವಿಡಿಯೋ ನೋಡಿರಬೇಕಲ್ರಿ ನೀವೂ.”

“ಹಾಂ, ಹಾಂ, ನೋಡೇನ್ರಿ. ಭಾಳ ಕೆಟ್ಟ ಅನಿಸಿತು.”

“ಅದಕ್ಕ ನನ್ನ ಹೆಸರಿಗೆ ಮಾಡಿಕೊಟ್ರ ಆಕಿಗೂ ಹಗೂರ ಆಗತಿತ್ರಿ. ಸಹಿ ಕೇಳಾಕ ನನಗ ಧೈರ್ಯ ಇಲ್ಲ.”

ಸಾಹೇಬರು ಗಲ್ಲ ಕೆರೆದುಕೊಂಡರು. “ಬುದ್ಧಿ ಸ್ಥಿಮಿತ ಇಲ್ಲ ಅಂತ ಡಾಕ್ಟರದು ಒಂದು ಚೀಟಿ ಇದ್ರ ಸಹಿ ಇಲ್ದನೂ ಏನರೆ ಮಾಡಾಕ ಬರತೈತೇನ ನೋಡೂಣ್ರಿ.”

ತಂಗೆವ್ವ ಎದ್ದಳು. ಯಲ್ಲವ್ವ ಹಿಂದಿನಿಂದ ರಟ್ಟೆ ಹಿಡಿದಳು. “ಬ್ಯಾಡ ತಂಗೀ, ಅಲ್ಲಿ ಔಷಧ ಅದಾವು!” ತಂಗೆವ್ವ ನಿಲ್ಲಲಿಲ್ಲ. ಹೀಗೆ ಮಾಲಕಿ ಮುಂದೆ, ಆಕೆಯ ರಟ್ಟೆಗೆ ಜೋತುಬಿದ್ದ ಯಲ್ಲವ್ವ ಹಿಂದೆ, ಇಬ್ಬರೂ ಕೂಡಿ ಅಂಗಡಿಯ ಹೊಸ್ತಿಲು ದಾಟಿದರು. ಗದ್ದಲ ಕೇಳಿ ಓಣಿಯೂ ಕೂಡಿತು. ಸಾಹೇಬರು ಕೈಗೆ ಸಿಕ್ಕ ಔಷಧದ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿದರು.

“ಎಲ್ಲಾರೂ ಕೇಳ್ರಿ,” ಅಂದಳು ತಂಗೆವ್ವ. “ನಾ ಸಾಯಾಕ ಹೋಗಿದ್ದಿಲ್ಲ. ನಾ ಹುಚ್ಚೀನೂ ಅಲ್ಲ. ನಾ ಮೂರ್ಖಿ. ಅಲ್ಲಿ ಕೆಂಪ ನಿಶಾನಿ ಹಚ್ಚಿದ್ರು. ನೀರಾಗ ಇಳೀಬ್ಯಾಡ್ರಿ ಅನ್ನೂದಕ್ಕ ಹಚ್ಚಿದ್ದಂತ, ಆಮ್ಯಾಲೆ ತಿಳೀತು. ನಾ ಅದನ್ನ ದೇವರ ನಿಶಾನಿ ಅಂತ ತಿಳದೆ. ಕೋಲಿಗೆ ಅರಿಸಿನ ಹಚ್ಚಿದೆ, ಕುಂಕುಮಾ ಇಟ್ಟೆ, ಕಾಯಿ ಒಡದೆ, ಒಡದು ಸೀದಾ ಅಲ್ಲೇ ಇಳದೆ!”

ತಂಗೆವ್ವ ಉಸಿರು ತೆಗೆದುಕೊಂಡು ಓಣಿಯ ಹೆಂಗಸರ ಕಡೆ ತಿರುಗಿದಳು.

“ಬಿಡ್ರೋ ಬಿಡ್ರೋ ಅಂತ ಒದರಿದ್ದು ನಿಮ್ಮ ಉಡಿ ಅರ್ಧಾ ಉಳದಿತ್ತು, ಅದಕ್ಕ. ಉಡಿನೂ ಮುಟ್ಟಲಿಲ್ಲ. ಆ ತಾಯಿ ಎಲ್ಲಾ ಹೊರಗ ಒಗದ್ಲು. ನೀವು ಫಾರಿನ್ ಫಾರಿನ್ ಅಂತ ತಗೊಂಡದ್ದು ನಿಮ್ಮ ಖಣಾನ. ಹೇಳಬೇಕಾಗಿತ್ತು. ಹೇಳಲಿಲ್ಲ. ಚಾ ಚೊಲೊ ಬರಾಕ ಹತ್ತಿತ್ತು, ಸುಮ್ಮನಾದೆ.”

ಯಲ್ಲವ್ವ ರಟ್ಟೆ ಬಿಟ್ಟಳು. ತನ್ನ ಎದೆಯ ಮೇಲಿನ ಹಸಿರು ಕುಪ್ಪಸವನ್ನು ಬಗ್ಗಿ ನೋಡಿಕೊಂಡಳು. “ಹಂಗಾದ್ರ ಇದು ಯಾರದು?”

“ನಂದಿದ್ದಂಗೈತ್ರಿ ಅತ್ತಿ,” ಅಂದಳು ಗುಂಪಿನೊಳಗಿಂದ ರೇಣು, ತಡೆತಡೆದು. “ನನಗ ನೀವ ಕೊಟ್ಟದ್ದು. ಹ್ವಾದ ಪಂಚಮಿಗೆ.”

ಮೊದಲು ನಕ್ಕವಳು ಯಲ್ಲವ್ವನೇ. ಆಕೆ ನಕ್ಕಳೆಂದ ಮೇಲೆ ಉಳಿದವರಿಗೆ ಪರವಾನಗಿ ಸಿಕ್ಕಂತಾಯಿತು. ನಕ್ಕರು, ಗೋಡೆ ಹಿಡಿದು ನಕ್ಕರು, ಗೊಬ್ಬರದ ಚೀಲದ ಮೇಲೆ ಕುಸಿದು ಕುಳಿತು ನಕ್ಕರು. ‘ನಿಶಾನಿಗೆ ಅರಿಸಿನ!’ ಎಂದು ಒಬ್ಬಳು, ‘ಕಾಯಿ ಬ್ಯಾರೆ!’ ಎಂದು ಇನ್ನೊಬ್ಬಳು. ಈ ನಗು ತಾನು ಬದುಕಿರುವ ತನಕ ಈ ಓಣಿಯಲ್ಲಿ ನಿಲ್ಲುವುದಿಲ್ಲ, ಮೊಮ್ಮಕ್ಕಳ ಮದುವೆಯ ಪಂಕ್ತಿಯಲ್ಲೂ ಬಡಿಸುತ್ತಾರೆ ಎಂದು ತಂಗೆವ್ವನಿಗೆ ಸ್ಪಷ್ಟವಾಗಿ ಕಂಡಿತು. ಮುಖ ಕಾದ ಹೆಂಚಿನಂತಾಯಿತು. ಆದರೂ ಹಿಂದೆ ಸರಿಯಲಿಲ್ಲ. ನಗುವವರ ಕಣ್ಣಿನಲ್ಲಿ ಕಾವಲು ಇರಲಿಲ್ಲ. ಅದೊಂದು ಆಕೆಗೆ ಸಾಕಾಗಿತ್ತು.

ಸಾಹೇಬರು ಕಣ್ಣೊರೆಸಿಕೊಂಡು ಗಂಟಲು ಸರಿ ಮಾಡಿಕೊಂಡರು. ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟರು.

“ಬುದ್ಧಿ ಸ್ಥಿಮಿತದಾಗ ಐತಿ ಅಂತಾತು. ಹಂಗಾದ್ರ ಅಂಗಡಿ ಯಾರದು?”

ನಿಜಗುಣಪ್ಪ ಬಾಯಿ ತೆರೆದ. ಓಣಿಯ ಹೆಂಗಸರು ಅವನನ್ನು ನೋಡಿದರು. ಬಾಯಿ ಮುಚ್ಚಿದ.

“ನಂದು” ಅಂದಳು ತಂಗೆವ್ವ. ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಗೆ ಹೋಗಿ ಕುಳಿತಳು. ಕುರ್ಚಿ ನಿಜಗುಣಪ್ಪನ ಅಳತೆಗೆ ಬಗ್ಗಿದ್ದರಿಂದ ಆಕೆಯ ಕಾಲು ನೆಲಕ್ಕೆ ಮುಟ್ಟಲಿಲ್ಲ. ಯಾವ ಡಬ್ಬಿ ಯಾವ ಹುಳಕ್ಕೆ ಎಂಬುದೂ ಗೊತ್ತಿರಲಿಲ್ಲ.

“ಮತ್ತ ಇವರ್ಯಾರ್ರಿ?” ಸಾಹೇಬರು ಪೆನ್ನಿನ ತುದಿಯಿಂದ ನಿಜಗುಣಪ್ಪನನ್ನು ತೋರಿಸಿದರು.

ತಂಗೆವ್ವ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಬಾಗಿಲ ಬಳಿ, ಚಹಾದ ಖಾಲಿ ಕಪ್ಪು ಹಿಡಿದುಕೊಂಡು ನಿಂತಿದ್ದ. ಯಾಕೋ ಒಮ್ಮೆಗೇ ಆಕೆಗೆ ಕನಿಕರ ಬಂತು.

“ಕೆಲಸಕ್ಕ ಇಟಗೊಂಡೇನ್ರಿ ಸಾಹೇಬ್ರ. ಹಳೇ ಮನಶಾ. ಕೆಲಸಾ ಎಲ್ಲಾ ಬರತೈತಿ, ಬಾಯಿ ಅಷ್ಟ ಸ್ವಲ್ಪ ಜೋರು. ನೋಡೂಣ್ರಿ, ಈ ಹಂಗಾಮ ಒಂದು ಹ್ಯಾಂಗ ಮಾಡತಾರ.”